ನೀರಿಗೆ ಬಿಟ್ಟ ಜಾಗ

ಮಿರ್ಜಾನ
೧೪ ನವೆಂಬರ್ ೧೯೮೦

ಪಾಂಡು,

ಕ್ಷೇಮಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು. ಶನಿಯಾರನ ಕೈಯಿಂದ ಗಜನಿಯಲ್ಲಿ ಮನೆ ಕಟ್ಟಲು ಜಾಗ ತೆಗೆದುಕೊಂಡದ್ದು ಹೌದೋ ಅಲ್ಲವೋ?

ಈ ಸುದ್ದಿ ನನಗೆ ನಿನ್ನಿಂದ ಬರಲಿಲ್ಲ. ಸಂತೆಯಲ್ಲಿ ಬಂಗಡೆ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾಗ ಶನಿಯಾರನ ಹೆಂಡತಿ ಬಂದು, "ಗಂಗಕ್ಕ, ನಿಮ್ಮ ಪಾಂಡು ನಮ್ ಗಜನಿ ಮೂಲೆ ತಗಂಡ ಅಲ್ದಾ? ಇನ್ನೆಂತ, ನಿಮ್ಗೆ ಮೀನ್ ಮಾರೂ ಕೆಲ್ಸ ತಪ್ತು" ಎಂದು ಹಲ್ಲು ಬಿಟ್ಟಳು. ಅಷ್ಟು ಜನರ ನಡುವೆ ನಾನು ಎಂತ ಹೇಳಲಿ? "ಹೌದು, ನಂಗೆ ಗೊತ್ತಿತ್ತು" ಎಂದೆ. ನಿನ್ನ ದೆಸೆಯಿಂದ ನಾನು ಸುಳ್ಳು ಹೇಳಿದ್ದು ಅದೇ ಮೊದಲು. ಅದೇ ಕಡೆಯದೂ ಆಗಲಿ.

ನಿನ್ನ ಅಪ್ಪ ದಾಸ, ನನ್ನ ಬೆನ್ನಿಗೆ ಬಿದ್ದ ತಮ್ಮ, ಸತ್ತಾಗ ನೀನು ಮೂರನೇ ಇಯತ್ತೆ. ನಿನ್ನನ್ನು ಸಾಕಿದೆ, ಓದಿಸಿದೆ. ನೀನು ಓದಿ ಬಿಸಾಕಿದ ಪುಸ್ತಕ ಹಿಡಿದು ನಾನೂ ಅಕ್ಷರ ಕಲಿತೆ. ಆ ಅಕ್ಷರದಲ್ಲೇ ಈಗ ನಿನ್ನನ್ನು ಬೈಯುತ್ತಿದ್ದೇನೆ, ಓದಿಕೋ.

ಗಜನಿ ಎಂದರೆ ಎಂತದು ಎಂಬುದು ಭಟ್ಕಳದ ಪೇಟೆ ಸೇರಿದ ಮೇಲೆ ಮರೆತುಹೋಯಿತೇ? ಹೊಳೆಯ ಮಗ್ಗುಲಿನ ತಗ್ಗು ಅದು. ಮಳೆಗಾಲದಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಹೊಳೆಯ ನೀರು ಒಳಗೆ ಬಿಟ್ಟು ಸಿಗಡಿ ಹಿಡಿಯುವ ಜಾಗ. ಭತ್ತ ಅಲ್ಲಿ ಮಲಗಬಹುದು, ಸಿಗಡಿ ಮಲಗಬಹುದು. ಮಕ್ಕಳನ್ನು ಮಲಗಿಸುವ ಜಾಗವಲ್ಲ ಅದು. ಮಾರಿದ ಶನಿಯಾರ ತನ್ನ ಮನೆಯನ್ನು ಎಲ್ಲಿ ಕಟ್ಟಿಕೊಂಡಿದ್ದಾನೆ, ನೋಡಿದೆಯಾ? ಗುಡ್ಡದ ಬುಡದಲ್ಲಿ, ಚಿರೆಕಲ್ಲಿನ ನೆಲದ ಮೇಲೆ.

ಕೊಟ್ಟ ಮುಂಗಡ ಹೋದರೆ ಹೋಗಲಿ. ಆ ಜಾಗ ಬಿಡು.

ಮಾದೇವಿಗೂ ಮಕ್ಕಳಿಗೂ ಒಣ ಸಿಗಡಿ ಕಟ್ಟಿಟ್ಟಿದ್ದೆ. ಸಿಟ್ಟಿನಲ್ಲಿ ಕಳಿಸಲಿಲ್ಲ. ಮನೆಯಲ್ಲೇ ಇದೆ.

ನಿನ್ನ ಅತ್ತೆ
ಗಂಗೆ


ಭಟ್ಕಳ
೨೫ ನವೆಂಬರ್ ೧೯೮೦

ಪೂಜ್ಯ ಅತ್ತೆಯವರಿಗೆ,

ಪಾಂಡುವಿನ ನಮಸ್ಕಾರಗಳು. ತಮ್ಮ ಪತ್ರ ತಲುಪಿತು. ಮಾದೇವಿಗೆ ಓದಿ ಹೇಳಲಿಲ್ಲ, ಅವಳು ಹೆದರುತ್ತಾಳೆ.

ಜಾಗ ತೆಗೆದುಕೊಂಡದ್ದು ಹೌದು. ಕ್ರಯಪತ್ರವೂ ಆಯಿತು. ಮೊದಲೇ ತಿಳಿಸದ್ದು ನನ್ನ ತಪ್ಪು. ತಿಳಿಸಿದ್ದರೆ ನೀವು ಬಿಡುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಅತ್ತೆ, ದಿನವಿಡೀ ನಾನು ಮಾಡುವ ಕೆಲಸವೇನು? ನಮ್ಮ ಏಜೆಂಟರ ಹಿಂದೆ ಚೀಲ ಹಿಡಿದು ಅಂಗಡಿ ಅಂಗಡಿ ಹತ್ತಿ, ಬೆಂಕಿ ಬಿದ್ದರೆ ಹೇಗೆ, ನೀರು ನುಗ್ಗಿದರೆ ಹೇಗೆ ಎಂದು ಹೆದರಿಸಿ ವಿಮೆ ಮಾಡಿಸುವುದು. ಸಂಜೆ ಬಂದು ಸೇರುವುದು ಇನ್ನೊಬ್ಬರ ಮನೆಯ ಹಿಂದಿನ ಕೋಣೆ. ಬಾವಿಯಿಂದ ಒಂದು ಕೊಡ ಹೆಚ್ಚು ಸೇದಿದರೆ ಮಾಲಕರ ಹೆಂಡತಿ ಕೆಮ್ಮುತ್ತಾಳೆ. ಪರರ ಗೋಡೆಗೆಲ್ಲ ವಿಮೆ ಮಾಡಿಸುವವನಿಗೆ ಸ್ವಂತದ್ದೊಂದು ಗೋಡೆ ಬೇಡವೇ? ಗುಡ್ಡದ ಬದಿಯ ಜಾಗ ನನ್ನ ಕೈಗೆ ಎಟಕುವುದಲ್ಲ.

ನಾನು ಕಣ್ಣು ಮುಚ್ಚಿಕೊಂಡು ತೆಗೆದುಕೊಂಡಿಲ್ಲ. ಹೋದ ವರ್ಷ ದೀಪಾವಳಿಗೆ ಬಂದಾಗ ಜಗುಲಿಯಲ್ಲಿ ಕೂತು ನಿಮ್ಮನ್ನೇ ಕೇಳಿದ್ದೆ, ನೆನಪು ಮಾಡಿಕೊಳ್ಳಿ. "ಗಜನಿಯಲ್ಲಿ ಯಾರ ಮನೆಗಾದರೂ ನೀರು ಹೊಕ್ಕಿದ್ದು ಇದೆಯೇ?" ಎಂದೆ. "ನಾ ಹುಟ್ಟಿದ ಮೇಲೆ ಯಾರ ಮನೆಗೂ ಹೊಕ್ಕಿದ್ದಿಲ್ಲ" ಎಂದಿರಿ. ನಿಮ್ಮ ಮಾತಿನ ಮೇಲೇ ಹೋದೆ. ಈಗಂತೂ ಹೊಸ ಒಡ್ಡು ಬಂದಿದೆ, ಕಲ್ಲು ಕಟ್ಟಿ ಎತ್ತರಿಸಿದ್ದಾರೆ. ಹಾಗಿದ್ದೂ ನೀರು ಬಂದರೆ ವಿಮೆ ಇದೆ. ಬೆಂಕಿಯ ವಿಮೆಗೆ ಪ್ರವಾಹವನ್ನೂ ಸೇರಿಸುತ್ತೇನೆ. ಗೋಡೆ ಹೋದರೆ ಗೋಡೆಯ ಬೆಲೆ ಬರುತ್ತದೆ. ಕಾಲ ಬದಲಾಗಿದೆ ಅತ್ತೆ, ಮೊದಲಿನ ಹಾಗೆ ಆಕಾಶ ನೋಡಿಕೊಂಡು ಬದುಕಬೇಕಾಗಿಲ್ಲ.

ಕಟ್ಟಿಸುವಾಗ ನಿಮ್ಮ ಆಶೀರ್ವಾದ ಇರಲಿ.

ಇತಿ ತಮ್ಮ
ಪಾಂಡು


ಮಿರ್ಜಾನ
೩ ಡಿಸೆಂಬರ್ ೧೯೮೦

ಪಾಂಡು,

ಯಾರ ಮನೆಗೂ ನೀರು ಹೊಕ್ಕಿದ್ದಿಲ್ಲ ಎಂದೆ. ಹೌದು ಮಾರಾಯಾ, ಎಂದೆ. ಹೊಕ್ಕುವುದಕ್ಕೆ ಅಲ್ಲಿ ಮನೆ ಎಂಬುದು ಇದ್ದರಲ್ಲವೇ! ನನ್ನ ಅಜ್ಜನ ಕಾಲದಿಂದ ಅಲ್ಲಿ ಕೋಳಿಗೂಡನ್ನೂ ಯಾರೂ ಕಟ್ಟಿಲ್ಲ. ನೀನು ಮನೆ ಕಟ್ಟಲು ಕೇಳುತ್ತಿದ್ದೀ ಎಂದು ನನಗೆ ಹೇಗೆ ತಿಳಿಯಬೇಕು? ಹರಟೆಗೆ ಕೇಳಿದೆ ಎಂದುಕೊಂಡೆ. ಕೇಳುವ ಮಾತನ್ನು ಅರ್ಧ ಕೇಳಿ, ಉತ್ತರವನ್ನು ಇಡಿಯಾಗಿ ಹೊತ್ತುಕೊಂಡು ಹೋದೆ.

ಗಜನಿಯಂಚಿನ ಹೊನ್ನೆಮರದ ಕೊಂಬೆಯಲ್ಲಿ ಒಣಹುಲ್ಲು ಸಿಕ್ಕಿಕೊಂಡಿದೆಯಲ್ಲ, ನಿನ್ನ ತಲೆಗಿಂತ ಎತ್ತರದಲ್ಲಿ? ಅದು ಹಕ್ಕಿಗೂಡಲ್ಲ. ನೀರು ಬಂದು ಇಟ್ಟುಹೋದ ಗುರುತು. ನೆಲ ಕೆದಕಿ ನೋಡು, ಮೊಣಕಾಲುದ್ದ ಮಣ್ಣಿನಡಿ ಚಿಪ್ಪು ಸಿಗುತ್ತದೆ. ಸಮುದ್ರ ತನ್ನ ಹೆಸರನ್ನು ಬರೆದಿಟ್ಟಿರುವ ಜಾಗಕ್ಕೆ ನೀನು ಕ್ರಯಪತ್ರ ಮಾಡಿಸಿಕೊಂಡಿದ್ದೀ.

ಹೊಸ ಒಡ್ಡಿನ ಮಾತು ಆಡಬೇಡ. ಒಡ್ಡು ಎತ್ತರವಾದಷ್ಟೂ ಹೊಳೆ ಕೇರಿಯ ಕಡೆಗೆ ತಿರುಗುತ್ತದೆ. ಘಟ್ಟದ ಮೇಲೆ ಮಳೆ ಹೊಯ್ದು ಹೊಳೆ ತುಂಬಿ ಬರುವಾಗ, ಕೆಳಗಿನಿಂದ ಅಮಾವಾಸ್ಯೆಯ ಭರತ, ಸಮುದ್ರದ ಏರುನೀರು, ಅದನ್ನು ತಡೆದರೆ ನೀರು ಎಲ್ಲಿಗೆ ಹೋಗಬೇಕು? ಅದಕ್ಕೇ ನಮ್ಮವರು ಒಡ್ಡಿನಲ್ಲಿ ಒಂದು ಕಡೆ ಬರೀ ಮಣ್ಣಿನ ಗಂಡಿ ಬಿಟ್ಟದ್ದು. ಹೊಸ ಒಡ್ಡು ಕಟ್ಟಲು ಬಂದವರ ಕಾಲು ಹಿಡಿದು, ಬೈದು, ಅಡ್ಡ ಮಲಗಿ ಆ ಜಾಗಕ್ಕೆ ಕಲ್ಲು ಹಾಕದ ಹಾಗೆ ನೋಡಿಕೊಂಡೆವು. ಕೇರಿ ಮುಳುಗುವ ಹಾಗಾದರೆ ಗುದ್ದಲಿಯಿಂದ ಗಂಡಿ ಕಡಿಯುತ್ತೇವೆ. ಹೊಳೆ ಗಜನಿಗೆ ಇಳಿಯುತ್ತದೆ, ಮೂವತ್ತು ಮನೆ ಉಳಿಯುತ್ತದೆ.

ಮೊದಲ ಏಟು ಯಾರದು, ಅದಾದರೂ ನೆನಪಿದೆಯಾ? ನಮ್ಮ ಮನೆಯದು. ಗಂಡಿಯ ಬಾಯಿಗಿರುವುದು ನಮ್ಮ ಗದ್ದೆ. ಯಾರದು ಮೊದಲು ಮುಳುಗುತ್ತದೋ ಅವರೇ ಮೊದಲು ಹೊಡೆಯಬೇಕು. ಇನ್ನೊಬ್ಬರದನ್ನು ಮುಳುಗಿಸುವ ಅಧಿಕಾರ ಯಾರಿಗೂ ಇಲ್ಲ. ನನ್ನ ಅಪ್ಪ ಈರ ಹೊಡೆದ. ನಿನ್ನ ಅಪ್ಪ ಹೊಡೆದ. ಅವ ಹೋದ ಮೇಲೆ ಹೆಂಗಸೆಂದು ನೋಡದೆ ನಾನು ಹೊಡೆದೆ. ನೀರಿಳಿದ ಮೇಲೆ ಉಳಿದ ಮನೆಯವರೆಲ್ಲ ಮುಳುಗಿದವರಿಗೆ ಬುಟ್ಟಿ ಬುಟ್ಟಿ ಭತ್ತ ತಂದು ಸುರಿಯುತ್ತಾರೆ. ಆ ಭತ್ತದ ಗಂಜಿ ಕುಡಿದು ಬೆಳೆದವ ನೀನು. ನಮ್ಮ ಗದ್ದೆಗೆ ತಾಗಿಯೇ ನಿನ್ನ ಹೊಸ ಜಾಗ. ಇನ್ನು ನಾನು ಗುದ್ದಲಿ ಎತ್ತಿದರೆ ಮುಳುಗುವುದು ಭತ್ತವಲ್ಲ, ನಿನ್ನ ಒಲೆ.

ಗೋಡೆಗೆ ಬೆಲೆ ಬರುತ್ತದಂತೆ. ಗೋಡೆಯೊಳಗೆ ಇರುವವರಿಗೆ?

ಆಶೀರ್ವಾದ ನಿನಗಿದೆ. ಆ ಮನೆಗಿಲ್ಲ.

ಗಂಗೆ


ಭಟ್ಕಳ
೨೭ ಏಪ್ರಿಲ್ ೧೯೮೨

ಪೂಜ್ಯ ಅತ್ತೆಯವರಿಗೆ,

ವರ್ಷದ ಮೇಲಾಯಿತು, ನಾನು ಬರೆದಿಲ್ಲ, ನೀವೂ ಬರೆದಿಲ್ಲ. ಮನೆ ಒಕ್ಕಲಿಗೆ ಬಂದು ಕರೆದೆ. ಕೂಗಳತೆಯ ದೂರದಲ್ಲಿದ್ದೂ ನೀವು ಬರಲಿಲ್ಲ. ಬಂದವರೆಲ್ಲ "ಗಂಗಕ್ಕ ಎಲ್ಲಿ?" ಎಂದು ಕೇಳಿದರು. ಹುಷಾರಿಲ್ಲ ಎಂದೆ. ಸುಳ್ಳು ಹೇಳುವ ಸರದಿ ಈಗ ನನ್ನದು.

ಮಾದೇವಿ, ಮಕ್ಕಳು ಅಲ್ಲೇ ಇರುತ್ತಾರೆ. ಕುಮಟೆಯ ಕಡೆ ಕೆಲಸ ಸಿಗುವವರೆಗೆ ನಾನು ವಾರಕ್ಕೊಮ್ಮೆ ಬಂದುಹೋಗುತ್ತೇನೆ. ವಿಮೆ ಮಾಡಿಸಿದ್ದೇನೆ, ಪ್ರವಾಹ ಸೇರಿಸಿ. ಹೋದ ಮಳೆಗಾಲದಲ್ಲಿ ಅರ್ಧ ಎದ್ದ ಗೋಡೆಗೆ ಒಂದು ಹನಿ ಹೊಳೆ ನೀರು ತಾಗಲಿಲ್ಲ. ನಿಮ್ಮ ಸಿಟ್ಟು ಇಳಿಯಲು ಇಷ್ಟು ಸಾಲದೇ?

ಪಾಂಡು


ಮಿರ್ಜಾನ
೬ ಮೇ ೧೯೮೨

ಪಾಂಡು,

ಒಂದು ಮಳೆಗಾಲ ಬಾರದಿದ್ದರೆ ಹೊಳೆ ದಾರಿ ಮರೆಯಿತು ಎಂದಲ್ಲ. ನಾನು ಗುದ್ದಲಿ ಎತ್ತದೆ ಆರೇಳು ವರ್ಷ ಕಳೆದದ್ದೂ ಉಂಟು. ಬಾರದ ವರ್ಷವನ್ನು ಲೆಕ್ಕ ಹಿಡಿಯುವವ ನೀನು. ಬಂದ ವರ್ಷವನ್ನು ಹಿಡಿಯುವವಳು ನಾನು.

ಒಕ್ಕಲಿಗೆ ಬರಲಿಲ್ಲ, ಹೌದು. ಬಂದರೆ ಹೊಸ ಮನೆಯ ಹೊಸಿಲಲ್ಲಿ ನಿಂತು ಅಪಶಕುನದ ಮಾತು ಆಡುತ್ತಿದ್ದೆ. ದೂರದಿಂದ ನೋಡಿದೆ. ಮನೆ ಚೆಂದವಿದೆ. ಅದಕ್ಕೇ ಹೊಟ್ಟೆ ಉರಿಯುತ್ತದೆ.

ಕಟ್ಟಿ ಆತು, ಇನ್ನು ಎಂತ ಮಾಡುವುದು! ಇಷ್ಟಾದರೂ ಮಾಡು. ಅಕ್ಕಿ ಕಣಜ ಅಟ್ಟಕ್ಕೆ ಹತ್ತಿಸು. ಹಸುವನ್ನು ಅಲ್ಲಿ ಕಟ್ಟಬೇಡ, ನನ್ನ ಕೊಟ್ಟಿಗೆಗೆ ಹೊಡೆ. ಆಷಾಢದ ಅಮಾವಾಸ್ಯೆಗೂ ಹುಣ್ಣಿಮೆಗೂ ಮಾದೇವಿ, ಮಕ್ಕಳು ನನ್ನ ಮನೆಯಲ್ಲಿ ಮಲಗಲಿ. ನನ್ನದು ದಿಬ್ಬದ ಮೇಲಿದೆ. ನನ್ನ ಮೇಲೆ ಸಿಟ್ಟಿದ್ದರೆ ಅವರು ನನ್ನ ಜೊತೆ ಮಾತನಾಡದೆ ಮಲಗಲಿ, ಅಡ್ಡಿಯಿಲ್ಲ.

ಒಣ ಸಿಗಡಿ ಮಾದೇವಿಗೆ ಕೊಟ್ಟೆ. ತೆಗೆದುಕೊಂಡಳು.

ಗಂಗೆ


ಮಿರ್ಜಾನ
೨೨ ಜುಲೈ ೧೯೮೨

ಪಾಂಡು,

ಮೊದಲು ಇದು: ಮಾದೇವಿ, ಇಬ್ಬರು ಮಕ್ಕಳು, ಹಸು, ಎಲ್ಲರೂ ನನ್ನ ಮನೆಯಲ್ಲಿದ್ದಾರೆ. ಜೀವಕ್ಕೆ ಎಂತದೂ ಆಗಿಲ್ಲ. ನಿನ್ನ ಮನೆ ಕಿಟಕಿಯ ಮೇಲಿನವರೆಗೆ ನೀರಲ್ಲಿದೆ. ಹಿಂದಿನ ಗೋಡೆ ಬಿದ್ದಿದೆ. ಬಸ್ಸಿಲ್ಲ, ಟಪಾಲು ಯಾವಾಗ ಹೊರಡುತ್ತದೋ ತಿಳಿಯದು. ಆದರೂ ಬರೆಯುತ್ತಿದ್ದೇನೆ, ಬೇರೆಯವರ ಬಾಯಿಂದ ನೀನು ಕೇಳಬಾರದು.

ಗಂಡಿ ಕಡಿದವಳು ನಾನು.

ಮೊನ್ನೆ ಅಮಾವಾಸ್ಯೆ. ಬೆಳಿಗ್ಗೆಯೇ ಹೊಳೆ ಕೆಂಪಾಗಿ, ಮರದ ದಿಮ್ಮಿ ಹೊತ್ತು ಬರುತ್ತಿತ್ತು. ಮಧ್ಯಾಹ್ನಕ್ಕೆ ಭರತ. ಕೇರಿಯ ತಗ್ಗಿನಲ್ಲಿರುವ ಶುಕ್ರನ ಮನೆಯ ಮೆಟ್ಟಿಲು ಮುಳುಗಿತು. ಅವನ ತಾಯಿ ಹಾಸಿಗೆ ಹಿಡಿದವಳು, ಎತ್ತಿ ಎಲ್ಲಿಗೆ ಒಯ್ಯುವುದು? ಶುಕ್ರ ಓಡಿ ಬಂದ. "ಗಂಗಕ್ಕ, ಇನ್ ತಡುದಿಲ್ಲ. ಏಟು ಹಾಕ್ತೀಯೋ ಹೇಗೆ? ಇಲ್ಲಾ ಗುದ್ದಲಿ ನನ್ ಕೈಗೆ ಕೊಡು" ಎಂದ. "ಮುಳುಗುದು ನನ್ ಮನೆ. ನಾನೇ ಹಾಕ್ತೆ. ಮೊದ್ಲು ಅವ್ರನ್ನ ಕರ್ಕಂಡ್ ಬತ್ತೆ, ನಿಲ್ಲು" ಎಂದು ನಿನ್ನ ಮನೆಗೆ ಓಡಿದೆ.

ಇನ್ನು ಇದನ್ನು ಓದು, ನಾಚಿಕೆ ಎಂಬುದು ನಿನ್ನಲ್ಲಿ ಉಳಿದಿದ್ದರೆ. ಮಾದೇವಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೊಣಕಾಲಿಗೆ ಮಳೆನೀರು. "ಅತ್ತೇರೆ, ನಾ ಬರುದಿಲ್ಲ. ಮನೆ ಖಾಲಿ ಬಿಟ್ರೆ ವಿಮೆ ಸಿಕ್ಕುದಿಲ್ಲ ಅಂದೀರು ಅವ್ರು. ಎಂತಾ ಆದ್ರೂ ಮನೆ ಬಿಡ್ಬೇಡ ಅಂದೀರು" ಎಂದಳು.

ಹೀಗೆ ಹೇಳಿಹೋಗಿದ್ದೆಯಾ? ನನ್ನ ಮನೆಯಲ್ಲಿ ಮಲಗಿಸು ಎಂದು ನಾನು ಬರೆದದ್ದಕ್ಕೆ ನೀನು ಉತ್ತರ ಬರೆಯದೆ ಇದ್ದದ್ದು ಇದಕ್ಕೇ? ಕಾಗದ ಕಾಯಲು ಹೆಂಡತಿ ಮಕ್ಕಳನ್ನು ಕೂರಿಸಿದೆಯಾ? ಮಾತಿಗೆ ಹೊತ್ತಿರಲಿಲ್ಲ. ಅವಳ ಕೈಯ ಕೂಸನ್ನು ಕಿತ್ತುಕೊಂಡು ಹೊರಟೆ. ತಾಯಿ ಹಿಂದೆ ಬಾರದೆ ಎಲ್ಲಿ ಹೋಗುತ್ತಾಳೆ? ಅಳುತ್ತಾ, ನನ್ನನ್ನು ಬೈಯುತ್ತಾ ಬಂದಳು. ದೊಡ್ಡವಳನ್ನು ಶುಕ್ರ ಹೆಗಲ ಮೇಲೆ ಹೊತ್ತ.

ಆಮೇಲೆ ಗಂಡಿಗೆ ಹೋದೆ. ಮೊದಲ ಏಟಿಗೆ ಮಣ್ಣು ಸಡಿಲಲಿಲ್ಲ. ಎರಡನೆಯದಕ್ಕೆ ಹೆಗಲಲ್ಲಿ ಎಂತದೋ ಕಿತ್ತುಹೋಯಿತು. ಮೂರನೆಯದಕ್ಕೆ ನೀರು ದಾರಿ ಕಂಡಿತು. ಉಳಿದದ್ದನ್ನು ಅದೇ ಅಗಲಿಸಿಕೊಂಡಿತು. ಸಂಜೆಯ ಹೊತ್ತಿಗೆ ಕೇರಿಯ ನೀರು ಅಂಗಳಕ್ಕೆ ಇಳಿಯಿತು. ಯಾರೂ ಸಾಯಲಿಲ್ಲ.

ನಿನ್ನ ಮನೆ ಮುಳುಗುವುದನ್ನು ಒಡ್ಡಿನ ಮೇಲೆ ನಿಂತು ನೋಡಿದೆ. ನೋಡದೆ ಬರುವುದು ಸರಿಯಲ್ಲ ಎನ್ನಿಸಿತು. ಬಾ.

ಗಂಗೆ


ಭಟ್ಕಳ
೨೫ ಜುಲೈ ೧೯೮೨

ಪೂಜ್ಯ ಅತ್ತೆಯವರಿಗೆ,

ನಿಮ್ಮಿಂದ ಸುದ್ದಿಯಿಲ್ಲ. ಹೊನ್ನಾವರದಿಂದ ಮುಂದೆ ಬಸ್ಸಿಲ್ಲ. ಲಾರಿಯವರೊಬ್ಬರು ಹೇಳಿದರು: ಮಿರ್ಜಾನದಲ್ಲಿ ಕೇರಿಯವರು ಒಡ್ಡು ಕಡಿದು ಗಜನಿಗೆ ನೀರು ಬಿಟ್ಟರು, ಶುಕ್ರ ಮುಂದೆ ನಿಂತಿದ್ದ, ಹೊಸ ಮನೆಯೊಂದು ಹೋಯಿತು, ಮನೆಯವರು ಉಳಿದರು.

ನನ್ನ ಜಾಗದ ಮೇಲೆ ನೀರು ಬಿಡುವುದಕ್ಕೆ ಶುಕ್ರ ಯಾರು? ನನ್ನನ್ನು ಕೇಳಿದನೇ? ನಿಮ್ಮನ್ನಾದರೂ ಕೇಳಿದನೇ? ನಮ್ಮ ಮನೆಯ ಏಟನ್ನು ಅವನು ಹೊಡೆದನೇ? ಕಟ್ಟಳೆ ಮುರಿದವನಿಗೆ ಕಾನೂನೇ ಸರಿ. ಠಾಣೆಗೆ ಅರ್ಜಿ ಬರೆದು ಟಪಾಲಿಗೆ ಹಾಕಿದ್ದೇನೆ, ಅವನ ಹೆಸರು ಹಾಕಿ. ಮಕ್ಕಳನ್ನು ನೋಡುವವರೆಗೆ ನನಗೆ ಅನ್ನ ಇಳಿಯುವುದಿಲ್ಲ. ಅವನನ್ನು ಬಿಡುವುದಿಲ್ಲ ಅತ್ತೆ.

ಪಾಂಡು


ಮಿರ್ಜಾನ
೪ ಆಗಸ್ಟ್ ೧೯೮೨

ಪಾಂಡು,

ನಿನ್ನ ಕಾಗದ ನಿನ್ನೆ ಬಂತು. ನನ್ನದು ನಿನಗೆ ಇಷ್ಟರಲ್ಲಿ ಸಿಕ್ಕಿರಬೇಕು. ಶುಕ್ರನನ್ನು ಠಾಣೆಗೆ ಕರೆಸಿದರು. ನಿನ್ನ ಮಗಳನ್ನು ಹೊತ್ತ ಹೆಗಲಿಗೆ ಕಂಬಳಿ ಹೊದ್ದು, ಜ್ವರದಲ್ಲಿ ಹೋದ. ನಾನೂ ಹಿಂದೆ ಹೋದೆ. "ಕಡಿದವಳು ನಾನು, ಬರ್ಕಳಿ" ಎಂದೆ. ಅವರು ನನ್ನ ಮುಖ ನೋಡಿ ಇಬ್ಬರನ್ನೂ ಮನೆಗೆ ಕಳಿಸಿದರು.

ಬರುವ ದಾರಿಯಲ್ಲಿ ಶುಕ್ರ ಎಂತ ಹೇಳಿದ ಗೊತ್ತೇ? "ಪಾಂಡು ಕೆಟ್ಟವ ಅಲ್ಲ ಗಂಗಕ್ಕ. ಮನೆ ಹೋದವ್ನ ಬಾಯಲ್ಲಿ ಯಾರದ್ದಾದ್ರೂ ಹೆಸ್ರು ಬೇಕಲ್ದಾ." ನನಗೆ ಅವನನ್ನೂ ಬೈಯಬೇಕೆನ್ನಿಸಿತು. ಇಷ್ಟು ಒಳ್ಳೆಯವನಾಗುವುದಕ್ಕೆ ಇವನಿಗೆ ಯಾರು ಹೇಳಿದರು?

ಅರ್ಜಿ ವಾಪಸು ತೆಗೆ. ತೆಗೆಯದಿದ್ದರೆ ನನ್ನ ಹೆಸರು ಹಾಕಿ ಇನ್ನೊಂದು ಬರೆ. ಗಂಗೆ, ಈರನ ಮಗಳು. ಇನಿಶಿಯಲ್ ಬೇಕಿದ್ದರೆ ನೀನೇ ಸೇರಿಸಿಕೋ.

ಗಂಗೆ


ಭಟ್ಕಳ
೨೨ ಆಗಸ್ಟ್ ೧೯೮೨

ಅತ್ತೆಯವರಿಗೆ,

ಅರ್ಜಿ ವಾಪಸು ಪಡೆದಿದ್ದೇನೆ. ಹೋದ ವಾರ ಬಂದಾಗ ನಿಮ್ಮ ಜೊತೆ ಮಾತನಾಡದೆ ಮಾದೇವಿ, ಮಕ್ಕಳನ್ನು ಬೆಳಕೆ ಊರಿನ ಅವಳ ತವರಿಗೆ ಕರೆದುಕೊಂಡು ಹೋದೆ.

ಮನೆ ಬಿಡಬೇಡ ಎಂದು ನಾನು ಹೇಳಿದ್ದು ನಿಜ. ಬಹಳ ಕಾಲ ಯಾರೂ ವಾಸವಿಲ್ಲದ ಮನೆಗೆ ವಿಮೆ ಸಿಗದು ಎಂದು ನಿಯಮವಿದೆ. ಒಂದು ದಿನ ಬಿಟ್ಟರೂ ಹಾಗೇ ಎಂದುಕೊಂಡಿದ್ದೆ. ಏಜೆಂಟರನ್ನು ಈಗ ಕೇಳಿದೆ. ಅವರು ನಕ್ಕರು, ತಿಂಗಳಿಗೂ ಹೆಚ್ಚು ಬಿಟ್ಟರೆ ಮಾತ್ರವಂತೆ. ಆ ನಗು ನನ್ನ ಕಿವಿಯಿಂದ ಹೋಗಿಲ್ಲ. ಇದರ ಬಗ್ಗೆ ಇನ್ನು ನನ್ನನ್ನು ಬೈಯಬೇಡಿ, ನಾನೇ ಬೈದುಕೊಳ್ಳುತ್ತಿದ್ದೇನೆ.

ಈಗ ಒಂದು ಸಹಾಯ. ಮನೆಯ ಹಾನಿ ನೋಡಲು ವಿಮೆಯ ಸರ್ವೇಯರು ಮಿರ್ಜಾನಕ್ಕೆ ಬರುತ್ತಾರೆ. ನೀರು ತಾನಾಗಿ ನುಗ್ಗಿದರೆ ಅದು ಪ್ರವಾಹ. ಜನ ಬೇಕೆಂದೇ ಬಿಟ್ಟ ನೀರಾದರೆ ಅಲ್ಲ, ಹಣ ಸಿಗದು ಎನ್ನುತ್ತಿದ್ದಾರೆ. ಒಡ್ಡು ತಾನಾಗಿ ಒಡೆಯಿತು ಎಂದು ನೀವು ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು. ಕೇರಿಯವರು ಯಾರೂ ಇಲ್ಲ ಎನ್ನುವುದಿಲ್ಲ. ಅರ್ಧ ಗಳಿಗೆ ತಡೆದಿದ್ದರೆ ಅದು ಒಡೆಯುತ್ತಲೇ ಇತ್ತಲ್ಲವೇ? ಅಷ್ಟು ದೊಡ್ಡ ಸುಳ್ಳೂ ಅಲ್ಲ.

ಭಟ್ಕಳದ ಅಂಗಡಿಗಳಿಗೆ ನಾನು ಹೋಗುವ ಹಾಗಿಲ್ಲ. "ಪಾಂಡು, ನಿನ್ ಮನೆಗೇ ಸಿಗದ ವಿಮೆ ನಮ್ ಅಂಗಡಿಗೆ ಸಿಗ್ತದಾ?" ಎನ್ನುತ್ತಾರೆ. ಕಟ್ಟಲು ಮಾಡಿದ ಸಾಲ ಹಾಗೇ ಇದೆ. ನೀವು ಮೂವತ್ತು ಮನೆ ಉಳಿಸಿದಿರಿ. ಮೂವತ್ತೊಂದನೆಯದನ್ನು ಒಂದು ಸಾಲಿನಿಂದ ಉಳಿಸಿ.

ಪಾಂಡು


ಮಿರ್ಜಾನ
೧೧ ಸೆಪ್ಟೆಂಬರ್ ೧೯೮೨

ಪಾಂಡು,

ಸರ್ವೇಯರು ಬಂದಿದ್ದರು. ಪ್ಯಾಂಟು ಮಡಚಿಕೊಂಡು ಕೆಸರಲ್ಲಿ ನಿಂತು, "ಅಜ್ಜಿ, ನೀರು ತಾನಾಗಿ ಬಂತೋ, ಬಿಟ್ಟದ್ದೋ?" ಎಂದು ಕೇಳಿದರು.

"ನೀರು ಯಾವತ್ತು ತಾನಾಗಿ ಬಂದದೆ ಸ್ವಾಮಿ? ಮಳೆ ತಂತು, ಭರತ ತಡೀತು, ನಿಮ್ಮ ಕಲ್ಲಿನ ಒಡ್ಡು ಏರಿಸ್ತು. ನಾನು ಕಡೇಗೆ ದಾರಿ ಬಿಟ್ಟೆ" ಎಂದೆ.

"ದಾರಿ ಬಿಟ್ಟವರು ನೀವೇ ಅಲ್ಲವೇ? ಅಷ್ಟು ಸಾಕು" ಎಂದು ಬರೆದುಕೊಂಡರು.

"ಬಿಡದೆ ಇದ್ದಿದ್ರೆ ಮೂವತ್ ಮನೆ ಹೋಗ್ತಿತ್ತು, ಅದಕ್ಕೆ ಎಂತ ಹೇಳ್ತೀರಿ?"

"ಅವರ್ಯಾರೂ ವಿಮೆ ಮಾಡಿಸಿಲ್ಲವಲ್ಲ ಅಜ್ಜಿ" ಎಂದರು. ಎಳನೀರು ಕೆತ್ತಿ ಕೊಟ್ಟಿದ್ದೆ. ಕುಡಿದು ಹೋದರು. ಕೊಟ್ಟದ್ದಕ್ಕೆ ಇವತ್ತಿಗೂ ಸಂಕಟವಾಗುತ್ತದೆ.

ನೀನು ಕೇಳಿದ ಸಾಲು ನಾನು ಬರೆಯಲಿಲ್ಲ. ಸಂತೆಯಲ್ಲಿ ಹೇಳಿದ್ದೇ ಕಡೆಯ ಸು‌ಳ್ಳು ಎಂದು ಆವತ್ತೇ ಬರೆದಿದ್ದೆ. ಅದಷ್ಟೇ ಆಗಿದ್ದರೆ ನಿನ್ನ ಮಕ್ಕಳ ಮುಖ ನೋಡಿ ಆ ಮಾತನ್ನೂ ನುಂಗುತ್ತಿದ್ದೆ. ಆದರೆ ಒಡ್ಡು ಕಟ್ಟುವವರೂ ಬಂದು ಅಳೆಯುತ್ತಿದ್ದಾರೆ. ಒಡ್ಡು ತಾನಾಗಿ ಒಡೆಯಿತು ಎಂದು ಸಹಿ ಹಾಕಿದರೆ, ಮತ್ತೆ ಒಡೆಯದ ಹಾಗೆ ಗಂಡಿಗೂ ಕಲ್ಲು ಸಿಮೆಂಟು ಹಾಕುತ್ತಾರೆ. ಮುಂದಿನ ಸಲ ಗುದ್ದಲಿ ಹೊಡೆದರೆ ಕಿಡಿ ಹಾರುತ್ತದೆ, ನೀರು ಹರಿಯುವುದಿಲ್ಲ. ಆಗ ಶುಕ್ರನ ತಾಯಿಯನ್ನು ಯಾರು ಎತ್ತುತ್ತಾರೆ? ನಿನ್ನ ಏಜೆಂಟರೇ?

ನಿನ್ನ ಮೇಲೆ ಸಿಟ್ಟಿದೆ. ವಿಮೆ ಮಾರುವವನಿಗೇ ತಿಳಿಯದ ನಿಯಮವನ್ನು ನಂಬಿ ಹೆಂಡತಿಯನ್ನು ಹೊಸಿಲಿಗೆ ಕಟ್ಟಿದ್ದಕ್ಕೆ. ಅದಕ್ಕಿಂತ ಹೆಚ್ಚು ಸಿಟ್ಟು ಆ ನಿಯಮ ಬರೆದವರ ಮೇಲಿದೆ. ಹೊಳೆ ಹೇಗೆ ಬರಬೇಕೆಂದು ಅವರು ಬರೆದಿಟ್ಟಿದ್ದಾರೆ. ಹಾಗೆ ಬರದಿದ್ದರೆ ಅದು ಹೊಳೆಯೇ ಅಲ್ಲವಂತೆ.

ಗಂಗೆ


ಭಟ್ಕಳ
೩೦ ಅಕ್ಟೋಬರ್ ೧೯೮೨

ವಿಮೆ ಸಿಗುವುದಿಲ್ಲ ಎಂದು ತಿಳಿಸಿದ್ದಾರೆ. ಕಾರಣ, ನಿಮ್ಮ ಹೇಳಿಕೆ.

ಇನ್ನು ನನಗೆ ಬರೆಯಬೇಡಿ.

ಪಾಂಡು


ಮಿರ್ಜಾನ
೧೯ ಜನವರಿ ೧೯೮೩

ಪಾಂಡು,

ಬರೆಯಬೇಡ ಎಂದೆ. ಬರೆಯುತ್ತೇನೆ. ಓದದೆ ಒಲೆಗೆ ಹಾಕು, ತವರಿಂದ ಮರಳಿದ ಮಾದೇವಿಯ ನೀರಾದರೂ ಕಾಯಲಿ.

ಸಂಕ್ರಾಂತಿಗೆ ಕೇರಿ ಕೂಡಿತ್ತು. ಮುಳುಗಿದವರಿಗೆ ಕೊಡುವ ಭತ್ತದ ಮಾತು ಬಂತು. ನಮ್ಮ ಗದ್ದೆಗೆ ಬುಟ್ಟಿ ಬುಟ್ಟಿ ಬಂತು. "ಪಾಂಡುವಿನ ಮನೆಗೆ?" ಎಂದು ಕೇಳಿದೆ. "ಭತ್ತಕ್ಕೆ ಕಟ್ಟಳೆ ಅದೆ ಗಂಗಕ್ಕ, ಮನೆಗೆ ಇಲ್ಲ. ನೀರಿಗೆ ಬಿಟ್ಟ ಜಾಗದಲ್ಲಿ ಕಟ್ಟು ಅಂತ ನಾವ್ ಹೇಳಿದ್ವಾ?" ಎಂದ ಶನಿಯಾರ. ಮಾರಿದವನ ಬಾಯಲ್ಲಿ ಈ ಮಾತು! ನಾನು ಎದ್ದು ನಿಂತು ಅವನ ಏಳು ತಲೆಮಾರನ್ನೂ ಆ ಅಂಗಳದಲ್ಲಿ ಹರವಿದೆ. ಉಳಿದವರನ್ನೂ ಬಿಡಲಿಲ್ಲ. "ನಿಮ್ಮ ಮಕ್ಳು ಬೆಚ್ಚಗೆ ಮಲಗಿದ್ದು ಯಾರ ಗೋಡೆ ಬಿದ್ದಿದ್ದಕ್ಕೆ?" ಎಂದೆ. ಒಬ್ಬೊಬ್ಬರಾಗಿ ಎದ್ದುಹೋದರು. ಇನ್ನು ಈ ಕೇರಿಯಲ್ಲಿ ನನಗೆ ಬೆಂಕಿ ಕೊಡುವವರೂ ಇಲ್ಲ ಎಂದುಕೊಂಡೆ.

ಮಾರನೆಯ ದಿನ ಭರತ ಏರುವ ಹೊತ್ತಿಗೆ ಶುಕ್ರ ತನ್ನ ದೋಣಿಯನ್ನು ನಿನ್ನ ಮನೆಯ ಹತ್ತಿರ ತಂದು ಕಟ್ಟಿದ. ಬಿದ್ದ ಗೋಡೆಯ ಚಿರೆಕಲ್ಲು ಒಂದೊಂದಾಗಿ ತುಂಬಿದ. ಯಾರನ್ನೂ ಕರೆಯಲಿಲ್ಲ. ಮೂರನೇ ಸಲ ದೋಣಿ ತುಂಬುವಾಗ ಇನ್ನಿಬ್ಬರು ಬಂದರು, ಆಮೇಲೆ ಹೆಂಗಸರು. ನಿನ್ನ ಬಾಗಿಲು, ಕಿಟಕಿ, ಹೆಂಚು, ಕಲ್ಲು, ಎಲ್ಲ ಈಗ ನನ್ನ ಮನೆಯ ಹಿಂದೆ ದಿಬ್ಬದ ಮೇಲೆ ಇದೆ. ಅಡಿಗಲ್ಲು ಮಾತ್ರ ಗಜನಿಯಲ್ಲೇ ಉಳಿದಿದೆ. ಅದನ್ನು ಕೀಳಲಾಗಲಿಲ್ಲ, ಅಷ್ಟು ಗಟ್ಟಿ ಹಾಕಿಸಿದ್ದೀ.

ದಿಬ್ಬ ನಿನ್ನದು. ನಾನು ಸಾಯುವವರೆಗೆ ಕಾಯಬೇಕಾಗಿಲ್ಲ.

ಗಂಗೆ


ಮಿರ್ಜಾನ
೭ ಜೂನ್ ೧೯೮೩

ಪಾಂಡು,

ಮಳೆ ಹಿಡಿಯಿತು. ನನ್ನ ಬಲಹೆಗಲು ಆವತ್ತು ಕಿತ್ತದ್ದು ಮತ್ತೆ ಕೂಡಲೇ ಇಲ್ಲ. ಕೊಡ ಎತ್ತಲಾಗುವುದಿಲ್ಲ, ಇದನ್ನು ಬರೆಯಲು ಮಧ್ಯೆ ಎರಡು ಸಲ ನಿಲ್ಲಿಸಿದೆ.

ಗಂಡಿಗೆ ಮತ್ತೆ ಬರೀ ಮಣ್ಣನ್ನೇ ಹಾಕಿದ್ದಾರೆ. ನಿನ್ನೆ ಕೇರಿಯವರು ಬಂದು ಜಗುಲಿಯಲ್ಲಿ ಕೂತರು. "ಈ ಸಲ ಏಟು ಯಾರದು ಗಂಗಕ್ಕ? ಶುಕ್ರನಿಗೆ ಕೊಡ್ತೀಯಾ?" ಎಂದು ಕೇಳಿದರು.

"ಏಟು ಪಾಂಡುದು" ಎಂದೆ.

"ಅಂವ ಬತ್ನಾ?" ಎಂದ ಶುಕ್ರ.

"ಬತ್ತ" ಎಂದೆ. ಇದು ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ಹಿಂದೆ ನೀನು ನನ್ನನ್ನು "ನೀನು" ಎನ್ನುತ್ತಿದ್ದೆ. ಭಟ್ಕಳ ಸೇರಿದ ಮೇಲೆ "ನೀವು" ಬಂತು, ಆಮೇಲೆ ಅದೂ ಹೋಯಿತು. ಬಂದು ಬೈಯುವುದಾದರೂ ಬೈ.

ಗಂಗೆ


ಭಟ್ಕಳ
೧೮ ಜೂನ್ ೧೯೮೩

ಅತ್ತೆ,

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಸುಳ್ಳು ಬರೆಯುವುದು ನಿನಗೆ ಆಗದು, ಗೊತ್ತಿದೆ.

ಜನವರಿಯ ಕಾಗದವನ್ನು ಒಲೆಗೆ ಹಾಕಿರಲಿಲ್ಲ. ಮಾದೇವಿ ಅಕ್ಕಿ ಡಬ್ಬಿಯಲ್ಲಿಟ್ಟಿದ್ದಳು. ದೋಣಿಯ ಸಂಗತಿಯನ್ನು ಮತ್ತೆ ಮತ್ತೆ ಓದಿಸಿದಳು.

ಏಜೆಂಟರ ಕೆಲಸ ಬಿಟ್ಟೆ. ಬಿಡುವ ಮೊದಲು ಒಂದು ಕೆಲಸ ಮಾಡಿದೆ. ನಾನು ವಿಮೆ ಮಾಡಿಸಿದ ಅಂಗಡಿಗಳನ್ನೆಲ್ಲ ಮತ್ತೆ ಹತ್ತಿ, ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಇಲ್ಲ, ಎಷ್ಟು ಕಾಲ ಬೀಗ ಹಾಕಬಹುದು ಎಂದು ಕೂತು ಓದಿ ಹೇಳಿದೆ. ಇಬ್ಬರು ಚಹಾ ಕೊಟ್ಟರು. ಉಳಿದವರು ಬೈದರು.

ಆಷಾಢದ ಅಮಾವಾಸ್ಯೆಗೆ ಮೊದಲೇ ಬರುತ್ತೇನೆ. ಮಾದೇವಿ, ಮಕ್ಕಳು ನಿನ್ನ ಮನೆಯಲ್ಲೇ ಇರುತ್ತಾರೆ. ನಾನು ಬರುವವರೆಗೆ ಗುದ್ದಲಿಯನ್ನು ಯಾರ ಕೈಗೂ ಕೊಡಬೇಡ, ಶುಕ್ರನ ಕೈಗೂ. ಅದರ ಮರದ ಕಾವು ಸಡಿಲವಾಗಿದ್ದರೆ ನೀರಲ್ಲಿ ನೆನೆಹಾಕಿಡು. ನನ್ನ ಅಡಿಗಲ್ಲು ಇರುವ ಕಡೆಗೇ ನೀರು ಬಿಡುವುದಾದರೆ ಏಟು ನನ್ನದೇ, ಒಪ್ಪಿದೆ.

ನೀನು ಮಾತ್ರ ಒಡ್ಡಿನ ಮೇಲೆ ಬಂದು ನಿಲ್ಲಬೇಕು. ಎಲ್ಲಿ ಹೊಡೆಯಬೇಕೆಂದು ನನಗೆ ಗೊತ್ತಿಲ್ಲ.

ಪಾಂಡು